ಪಿಸಿಎಂಬಿ ಓದಿದ ಮಗಳನ್ನು ಬಿಎ ಓದಲು ಅಮೆರಿಕಕ್ಕೆ ಕಳಿಸಬಹುದೇ?

ಪ್ರಶ್ನೆ: ನಾನು ತಿಪಟೂರು ತಾಲ್ಲೂಕಿನ ಒಂದು ಪ್ರೌಢಶಾಲೆಯಲ್ಲಿ ಶಿಕ್ಷಕಿ. ಯಜಮಾನರು ತೆಂಗಿನ ತೋಟ ನೋಡಿಕೊಳ್ಳುತ್ತಾರೆ. ಮಗಳು ಈ ವರ್ಷ ಪಿಸಿಎಂಬಿಯಲ್ಲಿ ದ್ವಿತೀಯ ಪಿಯುಸಿ ಮುಗಿಸಿ ಕೆಸಿಇಟಿ ಬರೆದಿದ್ದಾಳೆ. ಜೊತೆಗೆ ತಾನೇ ಅರ್ಜಿ ಹಾಕಿ ಅಮೆರಿಕದ ಅಯೋವಾ ರಾಜ್ಯದ ಒಂದು ಲಿಬರಲ್ ಆರ್ಟ್ಸ್ ಕಾಲೇಜಿನಲ್ಲಿ ಸೀಟು ಪಡೆದಿದ್ದಾಳೆ. ಕಾಲೇಜು ಖರ್ಚಿನ ದೊಡ್ಡ ಪಾಲನ್ನು ನೆರವಾಗಿ ಕೊಡುತ್ತಿದೆ. ಆದರೂ ವರ್ಷಕ್ಕೆ ಸುಮಾರು 14 ಲಕ್ಷ ರೂಪಾಯಿ ನಾವು ಹೊಂದಿಸಬೇಕು. ಅದರಲ್ಲಿ 4 ಲಕ್ಷ ನಮ್ಮ ಕೈಯಿಂದ ಆಗುತ್ತದೆ. ಉಳಿದದ್ದಕ್ಕೆ ತೋಟ ಅಡವಿಟ್ಟು ಸಾಲ ಮಾಡುವ ಯೋಚನೆ ಇದೆ. ಅವಳಿಗೆ ಜೀವಶಾಸ್ತ್ರ, ಕಂಪ್ಯೂಟರ್ ಎರಡೂ ಇಷ್ಟ. ಆದರೆ ಅಲ್ಲಿ ಸಿಗುವ ಡಿಗ್ರಿ ಬಿಎ! ವಿಷಯ ಯಾವುದೆಂದು ಎರಡನೇ ವರ್ಷದ ಕೊನೆಗೆ ಹೇಳಿದರೆ ಸಾಕಂತೆ. ಬೆಂಗಳೂರಿನಲ್ಲಿರುವ ನಮ್ಮ ಅಣ್ಣ, 'ಬಿಎ ಓದೋಕೆ ಅಮೆರಿಕಕ್ಕೆ ಹೋಗಬೇಕಾ, ತುಮಕೂರಲ್ಲೇ ಸಿಗಲ್ವಾ' ಎನ್ನುತ್ತಾನೆ. ಮುಂದೆ ಅವಳು ಡಾಕ್ಟರ್ ಆಗಲು ದಾರಿ ಇದೆಯೇ? ಕೆಲಸ ಸಿಗದೆ ವಾಪಸ್ ಬಂದರೆ ಇಲ್ಲಿ ಆ ಡಿಗ್ರಿಗೆ ಬೆಲೆ ಇದೆಯೇ? ಹಿಮ ಬೀಳುವ ಊರು, ಸಸ್ಯಾಹಾರಿ ಹುಡುಗಿ, ಒಬ್ಬಳೇ. ಮೇ 1ರೊಳಗೆ ಕಾಲೇಜಿಗೆ ಉತ್ತರ ಕೊಡಬೇಕು. ನಮಗೆ ರಾತ್ರಿ ನಿದ್ದೆ ಬರುತ್ತಿಲ್ಲ.

ಉತ್ತರ: ಮೊದಲು ನಿಮ್ಮ ಮಗಳಿಗೆ ಅಭಿನಂದನೆ ಹೇಳಿ. ಪಿಯುಸಿ, ಕೆಸಿಇಟಿ ತಯಾರಿಯ ನಡುವೆ ಇಂಥ ಕಾಲೇಜಿಗೆ ಪ್ರಬಂಧ ಬರೆದು, ನೆರವಿನ ಕಾಗದಪತ್ರಗಳನ್ನು ತುಂಬಿ, ಸೀಟು ಪಡೆಯುವುದು ಸಣ್ಣ ಕೆಲಸವಲ್ಲ. ನಾನು ಆ ಕಡೆಯ ಒಂದು ಸಣ್ಣ ಕಾಲೇಜಿನಲ್ಲಿ ಹಲವು ವರ್ಷ ಜೀವಶಾಸ್ತ್ರ ಕಲಿಸಿದ್ದೇನೆ. ಹೊಸ ವಿದ್ಯಾರ್ಥಿಗಳಿಗೆ ಯಾವ ಕೋರ್ಸ್ ಓದಬೇಕೆಂದು ಸಲಹೆ ಕೊಡುವ ಅಡ್ವೈಸರ್ ಆಗಿಯೂ ಇದ್ದೆ. ಈಗ ಮೈಸೂರಿನಲ್ಲಿದ್ದುಕೊಂಡು ಇಂಥದ್ದೇ ಪ್ರಶ್ನೆ ಹೊತ್ತು ಬರುವ ತಂದೆ ತಾಯಿಯರ ಜೊತೆ ಮಾತಾಡುತ್ತೇನೆ. ಕಾಲೇಜಿನ ಹೆಸರನ್ನು ನೀವು ಬರೆದಿದ್ದೀರಿ, ಅದನ್ನು ಇಲ್ಲಿ ಹಾಕುತ್ತಿಲ್ಲ.

ನಿಮ್ಮ ಪತ್ರದಲ್ಲಿ ಬಿಎ ಎಂಬುದೇ ದೊಡ್ಡ ಚಿಂತೆಯಾಗಿ ಕಾಣುತ್ತದೆ. ಸಾಲದ ವಿಷಯ ಒಂದು ಸಾಲಿನಲ್ಲಿ ಮುಗಿದಿದೆ. ನನಗೆ ಇದು ತಿರುಗುಮುರುಗಾಗಿ ಕಾಣುತ್ತದೆ. ಡಿಗ್ರಿಯ ಹೆಸರಿನಿಂದ ನಿಮ್ಮ ಮಗಳಿಗೆ ಆಗುವ ತೊಂದರೆ ಹೆಚ್ಚುಕಡಿಮೆ ಏನೂ ಇಲ್ಲ. ಸಾಲದಿಂದ ಆಗಬಹುದಾದದ್ದು ಬಹಳ ಇದೆ.

ಬಿಎ ವಿಷಯವನ್ನು ಮೊದಲು ಮುಗಿಸೋಣ. ಅಮೆರಿಕದ ಹಳೆಯ ಲಿಬರಲ್ ಆರ್ಟ್ಸ್ ಕಾಲೇಜುಗಳಲ್ಲಿ, ಅಂದರೆ ವಿಜ್ಞಾನ, ಕಲೆ ಎರಡನ್ನೂ ಒಟ್ಟಿಗೆ ಓದಿಸುವ ಸಣ್ಣ ಕಾಲೇಜುಗಳಲ್ಲಿ, ಫಿಸಿಕ್ಸ್ ಓದಿದರೂ ಬಿಎ, ಗಣಿತ ಓದಿದರೂ ಬಿಎ, ಕಂಪ್ಯೂಟರ್ ಸೈನ್ಸ್ ಓದಿದರೂ ಬಿಎ. ಮ್ಯಾಸಚೂಸೆಟ್ಸ್‌ನ ಆಮ್‌ಹರ್ಸ್ಟ್, ಮಿನ್ನೆಸೋಟಾದ ಕಾರ್ಲ್‌ಟನ್, ಅಯೋವಾದ ಗ್ರಿನ್ನೆಲ್ ಎಲ್ಲವೂ ಹೀಗೇ. ಇಂಟೆಲ್ ಕಂಪನಿಯ ಸ್ಥಾಪಕರಲ್ಲಿ ಒಬ್ಬರಾದ ರಾಬರ್ಟ್ ನಾಯ್ಸ್ 1949ರಲ್ಲಿ ಗ್ರಿನ್ನೆಲ್‌ನಿಂದ ಬಿಎ ಪಡೆದು, ಎಂಐಟಿಯಲ್ಲಿ ಫಿಸಿಕ್ಸ್ ಪಿಎಚ್‌ಡಿ ಮಾಡಿದವರು. ಅದೇ ಕಾಲೇಜಿನಲ್ಲಿ 1970ರಲ್ಲಿ ಕೆಮಿಸ್ಟ್ರಿ ಬಿಎ ಮುಗಿಸಿದ ಥಾಮಸ್ ಚೆಕ್ ಅವರಿಗೆ 1989ರಲ್ಲಿ ರಸಾಯನಶಾಸ್ತ್ರದ ನೊಬೆಲ್ ಬಂತು. ಜೀನ್ ತಿದ್ದುವ ಕ್ರಿಸ್ಪರ್ ತಂತ್ರಕ್ಕಾಗಿ 2020ರಲ್ಲಿ ನೊಬೆಲ್ ಪಡೆದ ಜೆನ್ನಿಫರ್ ಡೌಡ್ನಾ ಓದಿದ್ದು ಕ್ಯಾಲಿಫೋರ್ನಿಯಾದ ಪೊಮೋನಾ ಎಂಬ ಸಣ್ಣ ಕಾಲೇಜಿನಲ್ಲಿ. ಎಲ್ಲರೂ ಹೀಗೆ ಆಗುತ್ತಾರೆ ಎಂದು ನಾನು ಹೇಳುತ್ತಿಲ್ಲ. ಪಿಎಚ್‌ಡಿಗೆ ತೆಗೆದುಕೊಳ್ಳುವವರಾಗಲೀ ಕೆಲಸ ಕೊಡುವವರಾಗಲೀ ಬಿಎ ಎಂಬ ಎರಡಕ್ಷರ ನೋಡಿ ಅರ್ಜಿಯನ್ನು ಪಕ್ಕಕ್ಕಿಡುವುದಿಲ್ಲ ಎಂದಷ್ಟೇ ಹೇಳುತ್ತಿದ್ದೇನೆ. ಅವರು ನೋಡುವುದು ಅಂಕಪಟ್ಟಿಯಲ್ಲಿ ಯಾವ ಯಾವ ಕೋರ್ಸ್ ಇದೆ, ಲ್ಯಾಬಿನಲ್ಲಿ ಏನು ಮಾಡಿದ್ದಾರೆ, ಪ್ರೊಫೆಸರ್ ಏನು ಬರೆದಿದ್ದಾರೆ ಎಂಬುದನ್ನು.

ನಿಮ್ಮ ಅಣ್ಣನವರ ಮನಸ್ಸಿನಲ್ಲಿರುವುದು ನಮ್ಮ ಊರಿನ ಮೂರು ವರ್ಷದ, ಇತಿಹಾಸ, ಅರ್ಥಶಾಸ್ತ್ರ, ರಾಜ್ಯಶಾಸ್ತ್ರದ ಬಿಎ. ಅದನ್ನು ಓದಿ ಒಳ್ಳೆಯ ಮೇಷ್ಟ್ರು, ಅಧಿಕಾರಿಗಳಾದವರು ಎಷ್ಟೋ ಜನ ಇದ್ದಾರೆ. ಆದರೆ ನಿಮ್ಮ ಮಗಳು ಓದಲು ಹೊರಟಿರುವುದು ಬೇರೆ. ಇದು ನಾಲ್ಕು ವರ್ಷದ್ದು, ಹಾಸ್ಟೆಲ್‌ನಲ್ಲೇ ಇದ್ದು ಓದುವಂಥದ್ದು. ಜೀವಶಾಸ್ತ್ರವನ್ನೋ ಕಂಪ್ಯೂಟರ್ ಸೈನ್ಸನ್ನೋ ಮುಖ್ಯ ವಿಷಯವಾಗಿ ತೆಗೆದುಕೊಂಡು, ಜೊತೆಗೆ ಇತಿಹಾಸ, ತತ್ವಶಾಸ್ತ್ರ, ಸಂಗೀತ, ಇನ್ನೊಂದು ಭಾಷೆ ಹೀಗೆ ಬೇರೆ ಕೋರ್ಸುಗಳನ್ನೂ ಓದುತ್ತಾಳೆ.

ತರಗತಿ ಹೇಗಿರುತ್ತದೆ ಎಂದು ನೀವು ಕೇಳಿಲ್ಲ. ಆದರೂ ಹೇಳುತ್ತೇನೆ, ಯಾಕೆಂದರೆ ನಮ್ಮ ಮಕ್ಕಳು ಎಡವುವುದು ಅಲ್ಲೇ. ಗ್ರಿನ್ನೆಲ್‌ನಂಥ ಕಾಲೇಜಿನಲ್ಲಿ ಇಡೀ ಕಾಲೇಜಿಗೆ ಇರುವುದೇ ಸುಮಾರು 1,700 ವಿದ್ಯಾರ್ಥಿಗಳು. ಒಂದು ಕ್ಲಾಸಿನಲ್ಲಿ ಹದಿನೈದು, ಇಪ್ಪತ್ತು ಜನ. ಎಂಎಸ್, ಪಿಎಚ್‌ಡಿ ವಿದ್ಯಾರ್ಥಿಗಳೇ ಇರುವುದಿಲ್ಲ, ಹಾಗಾಗಿ ಲ್ಯಾಬಿನಲ್ಲಿ ಪ್ರೊಫೆಸರ್ ಪಕ್ಕ ನಿಂತು ಕೆಲಸ ಮಾಡುವವರು ಡಿಗ್ರಿ ಓದುವ ಮಕ್ಕಳೇ. ಒಂದು ಸೆಮಿಸ್ಟರ್‌ಗೆ ನಾಲ್ಕೇ ಕೋರ್ಸ್. ಇದನ್ನು ಕೇಳಿ ಎಷ್ಟು ಸುಲಭ ಎನಿಸುತ್ತದೆ, ಅಲ್ವಾ? ಆದರೆ ಒಂದು ಗಂಟೆಯ ಕ್ಲಾಸಿಗೆ ಹೊರಗೆ ಎರಡು ಮೂರು ಗಂಟೆ ಓದಬೇಕು. ಇತಿಹಾಸದ ಕೋರ್ಸ್ ಒಂದೇ ವಾರಕ್ಕೆ ನೂರು ಪುಟ ಓದಿಸಬಹುದು. ಓದಿ ಬಂದು ಕ್ಲಾಸಿನಲ್ಲಿ ಬಾಯಿ ಬಿಡಬೇಕು. ಮಾತಾಡುವುದಕ್ಕೂ ಅಂಕ ಇರುತ್ತದೆ.

ಪಿಯುಸಿ ಮುಗಿಸಿ ಬಂದ ಮಕ್ಕಳು ಕ್ಯಾಲ್ಕುಲಸ್‌ನಲ್ಲಿ, ಫಿಸಿಕ್ಸ್‌ನಲ್ಲಿ ಅಲ್ಲಿಯವರಿಗಿಂತ ಮುಂದೆಯೇ ಇರುತ್ತಾರೆ. ಕಷ್ಟ ಆಗುವುದು ಬರವಣಿಗೆಯಲ್ಲಿ. 'ಈ ವಾದ ಸರಿಯೇ, ಯಾಕೆ' ಎಂದು ಐದು ಪುಟ ಬರೆದುಕೊಂಡು ಬಾ ಎಂದರೆ ಏನು ಬರೆಯಬೇಕು ಎಂದೇ ತಿಳಿಯುವುದಿಲ್ಲ. ಶೇಕಡಾ 97 ತೆಗೆದುಕೊಂಡು ಬಂದ ಹುಡುಗಿಗೆ ಮೊದಲ ಪ್ರಬಂಧಕ್ಕೆ ಬಿ ಮೈನಸ್ ಬರುತ್ತದೆ. ಅವಳು ರೂಮಿನ ಬಾಗಿಲು ಹಾಕಿಕೊಂಡು ಅಳುತ್ತಾಳೆ, ಮನೆಗೆ ಫೋನ್ ಮಾಡಿದಾಗ ಎಲ್ಲ ಚೆನ್ನಾಗಿದೆ ಎನ್ನುತ್ತಾಳೆ. ಇದನ್ನು ನಾನು ಮತ್ತೆ ಮತ್ತೆ ನೋಡಿದ್ದೇನೆ. ಅಳು ನಿಂತ ಮೇಲೆ ಪ್ರೊಫೆಸರ್‌ರ ಆಫೀಸ್ ಅವರ್ಸ್‌ಗೆ, ಅಂದರೆ ವಿದ್ಯಾರ್ಥಿಗಳು ಬಂದು ಕೇಳಲೆಂದೇ ಅವರು ಇಟ್ಟ ಸಮಯಕ್ಕೆ, ಹೋಗಿ ಕೂತವರು ಎರಡನೇ ಸೆಮಿಸ್ಟರ್ ಹೊತ್ತಿಗೆ ಸುಧಾರಿಸಿಕೊಂಡರು. ಮೇಷ್ಟ್ರಿಗೆ ಯಾಕೆ ತೊಂದರೆ ಕೊಡುವುದು ಎಂದು ಸುಮ್ಮನಿದ್ದವರು ಹಿಂದೆ ಬಿದ್ದರು. ಅಲ್ಲಿ ಪ್ರೊಫೆಸರ್ ಬಾಗಿಲು ತಟ್ಟುವುದು ಉದ್ಧಟತನವಲ್ಲ, ಅದು ಓದಿನ ಭಾಗವೇ. ಹೊರಡುವ ಮೊದಲು ಅವಳಿಗೆ ಇದೊಂದನ್ನು ಮನಸ್ಸಿಗೆ ಹಾಕಿ ಕಳಿಸಿ.

ಇನ್ನೊಂದು ಅಪಾಯವೂ ಇದೆ. ಇಂಟರ್‌ನೆಟ್‌ನಿಂದ ಎರಡು ಪ್ಯಾರಾ ಎತ್ತಿ ಹಾಕುವುದು, ಎಐಯಿಂದ ಬರೆಸಿ ತನ್ನದೆಂದು ಕೊಡುವುದು, ಗೆಳತಿಯ ಅಸೈನ್‌ಮೆಂಟ್ ನೋಡಿ ಬರೆಯುವುದನ್ನು ಇಲ್ಲಿ ಯಾರೂ ದೊಡ್ಡದು ಮಾಡುವುದಿಲ್ಲ. ಅಲ್ಲಿ ಕಾಲೇಜಿನ ಸಮಿತಿ ವಿಚಾರಣೆ ಮಾಡುತ್ತದೆ. ಕೋರ್ಸ್ ಫೇಲ್ ಆಗಬಹುದು, ಒಂದು ಸೆಮಿಸ್ಟರ್ ಹೊರಗೂ ಹಾಕಬಹುದು. ಹಾಗೆ ಹೊರಗೆ ಹಾಕಿದರೆ ವಿದ್ಯಾರ್ಥಿ ವೀಸಾ ಕೂಡ ತೊಂದರೆಗೆ ಸಿಗುತ್ತದೆ.

ಎರಡನೇ ವರ್ಷದ ಕೊನೆಯವರೆಗೆ ವಿಷಯ ಹೇಳಬೇಕಾಗಿಲ್ಲ ಎಂಬುದು ನಿಜ. ಆದರೆ ಅದು ಅರ್ಧ ನಿಜ. ಇತಿಹಾಸ, ಸಮಾಜಶಾಸ್ತ್ರ ಆರಿಸಿಕೊಳ್ಳುವವರು ಎರಡು ವರ್ಷ ಆರಾಮವಾಗಿ ಅದೂ ಇದೂ ಓದಿ ನೋಡಬಹುದು. ವಿಜ್ಞಾನದಲ್ಲಿ ಹಾಗೆ ಮಾಡಿದರೆ ಬಾಗಿಲು ಮುಚ್ಚುತ್ತಾ ಹೋಗುತ್ತದೆ. ಜೀವಶಾಸ್ತ್ರ ಬೇಕೆಂದರೆ ಕೆಮಿಸ್ಟ್ರಿಯನ್ನು ಮೊದಲ ವರ್ಷವೇ ಶುರು ಮಾಡಬೇಕು, ಯಾಕೆಂದರೆ ಜನರಲ್ ಕೆಮಿಸ್ಟ್ರಿ ಮುಗಿಯದೆ ಆರ್ಗ್ಯಾನಿಕ್ ಇಲ್ಲ, ಆರ್ಗ್ಯಾನಿಕ್ ಇಲ್ಲದೆ ಬಯೋಕೆಮಿಸ್ಟ್ರಿ ಇಲ್ಲ. ಕಂಪ್ಯೂಟರ್ ಸೈನ್ಸ್‌ನಲ್ಲೂ ಮೊದಲ ಕೋರ್ಸ್, ಡೇಟಾ ಸ್ಟ್ರಕ್ಚರ್ಸ್, ಆಲ್ಗಾರಿದಮ್ಸ್ ಒಂದರ ಮೇಲೊಂದು ಬರುತ್ತವೆ. ಸಣ್ಣ ಕಾಲೇಜಿನಲ್ಲಿ ಕೆಲವು ಮೇಲಿನ ಕೋರ್ಸುಗಳು ವರ್ಷಕ್ಕೆ ಒಂದು ಸಲ ಅಥವಾ ಎರಡು ವರ್ಷಕ್ಕೆ ಒಂದು ಸಲ ಮಾತ್ರ ನಡೆಯುತ್ತವೆ. ಒಂದನ್ನು ತಪ್ಪಿಸಿಕೊಂಡರೆ ಇಡೀ ಲೆಕ್ಕ ಒಂದು ವರ್ಷ ಹಿಂದೆ ಹೋಗುತ್ತದೆ.

ನಿಮ್ಮ ಮಗಳ ಆಸಕ್ತಿ ನೋಡಿದರೆ ಮೊದಲ ಸೆಮಿಸ್ಟರ್‌ನಲ್ಲಿ ಕೆಮಿಸ್ಟ್ರಿ ಅಥವಾ ಜೀವಶಾಸ್ತ್ರದ ಒಂದು ಕೋರ್ಸ್, ಕಂಪ್ಯೂಟರ್ ಸೈನ್ಸ್‌ನ ಮೊದಲ ಕೋರ್ಸ್, ಗಣಿತ, ಜೊತೆಗೆ ಬರವಣಿಗೆ ಕಲಿಸುವ ಒಂದು ಕೋರ್ಸ್ ಇರಬೇಕು. ಗ್ರಿನ್ನೆಲ್‌ನಲ್ಲಿ ಹೊಸಬರಿಗೆ ಕಡ್ಡಾಯ ಇರುವುದು ಆ ಬರವಣಿಗೆಯ ಟ್ಯುಟೋರಿಯಲ್ ಒಂದೇ, ಉಳಿದದ್ದನ್ನು ಅಡ್ವೈಸರ್ ಜೊತೆ ಕೂತು ಆರಿಸಿಕೊಳ್ಳಬೇಕು. ಇಷ್ಟು ಸ್ವಾತಂತ್ರ್ಯ ಕೊಟ್ಟಾಗ ಅಡ್ವೈಸರ್ ಬಹಳ ಮುಖ್ಯ. ಸರಿಹೋಗದಿದ್ದರೆ ಬೇರೆ ಅಡ್ವೈಸರ್ ಕೇಳಬಹುದು, ಯಾರೂ ತಪ್ಪು ತಿಳಿಯುವುದಿಲ್ಲ. ಸಂಖ್ಯಾಶಾಸ್ತ್ರವನ್ನು ಮಾತ್ರ ಬಿಡಬಾರದು. ಇವತ್ತು ಜೀವಶಾಸ್ತ್ರದಲ್ಲಿ ಡೇಟಾ ನೋಡಲು ಬರುವವರಿಗೆ ಎಲ್ಲ ಕಡೆ ಬೇಡಿಕೆ ಇದೆ. ಈ ಎರಡು ವಿಷಯ ಒಟ್ಟಿಗೆ ಓದಬೇಕೆಂಬ ಅವಳ ಆಸೆ ಚಂಚಲತೆಯಲ್ಲ, ಒಳ್ಳೆಯ ಯೋಚನೆ.

ಡಾಕ್ಟರ್ ಆಗುವ ಪ್ರಶ್ನೆಗೆ ನೇರವಾಗಿ ಹೇಳುತ್ತೇನೆ. ಈ ದಾರಿಯಲ್ಲಿ ಡಾಕ್ಟರ್ ಆಗಬಹುದು ಎಂದು ನಂಬಿ ಕಳಿಸಬೇಡಿ. ಅಮೆರಿಕದಲ್ಲಿ ವೈದ್ಯಕೀಯ ಓದು ಶುರುವಾಗುವುದು ನಾಲ್ಕು ವರ್ಷದ ಡಿಗ್ರಿ ಆದ ಮೇಲೆ. ಅಲ್ಲಿಯ ಹೆಚ್ಚಿನ ಮೆಡಿಕಲ್ ಕಾಲೇಜುಗಳು ವಿದೇಶಿ ವಿದ್ಯಾರ್ಥಿಗಳನ್ನು ತೆಗೆದುಕೊಳ್ಳುವುದೇ ಇಲ್ಲ. ತೆಗೆದುಕೊಳ್ಳುವ ಕೆಲವು ಕಾಲೇಜುಗಳು ಇಡೀ ಓದಿನ ಹಣವನ್ನು ಮುಂಚೆಯೇ ಖಾತೆಯಲ್ಲಿ ತೋರಿಸಿ ಎನ್ನುತ್ತವೆ. ಅಲ್ಲಿ ಬಯಾಲಜಿ ಬಿಎ ಮಾಡಿ ಇಲ್ಲಿಗೆ ಬಂದರೂ ಎಂಬಿಬಿಎಸ್‌ಗೆ ನೀಟ್ ಬರೆದು ಮೊದಲಿನಿಂದ ಶುರು ಮಾಡಬೇಕು. ಅವಳಿಗೆ ನಿಜವಾಗಿ ಡಾಕ್ಟರ್ ಆಗಲೇಬೇಕೆಂದಿದ್ದರೆ ನೀಟ್ ಬರೆದು ಇಲ್ಲೇ ಓದಲಿ. ಆ ಆಸೆ ಇರುವುದು ಅವಳಿಗೋ ಮನೆಯವರಿಗೋ ಎಂದು ಒಮ್ಮೆ ಅವಳ ಜೊತೆ ಕೂತು ಕೇಳಿ.

ಇನ್ನು ಡಿಗ್ರಿ ಆದ ಮೇಲೆ ಏನು? ಇಲ್ಲಿ ಮೂರು ದಾರಿ ಇವೆ, ಮೂರಕ್ಕೂ ಬೇರೆ ಬೇರೆ ತಯಾರಿ ಬೇಕು.

ಒಂದು, ಪಿಎಚ್‌ಡಿ. ಸಣ್ಣ ಕಾಲೇಜುಗಳ ನಿಜವಾದ ಬಲ ಇದು. ಓದಿದವರ ಸಂಖ್ಯೆಗೆ ಹೋಲಿಸಿದರೆ ಸ್ವಾರ್ತ್‌ಮೋರ್, ರೀಡ್, ಕಾರ್ಲ್‌ಟನ್, ಗ್ರಿನ್ನೆಲ್‌ನಂಥ ಕಾಲೇಜುಗಳಿಂದ ವಿಜ್ಞಾನದ ಪಿಎಚ್‌ಡಿಗೆ ಹೋಗುವವರು ಬಹಳ ಜಾಸ್ತಿ. ಅಮೆರಿಕದಲ್ಲಿ ವಿಜ್ಞಾನದ ಪಿಎಚ್‌ಡಿಗೆ ಎಂಎಸ್ಸಿ ಬೇಕಾಗಿಲ್ಲ, ನಾಲ್ಕು ವರ್ಷದ ಡಿಗ್ರಿ ಸಾಕು. ಫೀಸನ್ನು ಸಾಮಾನ್ಯವಾಗಿ ವಿಶ್ವವಿದ್ಯಾಲಯದವರೇ ಭರಿಸಿ, ಬದುಕಲು ಸ್ಟೈಪೆಂಡ್ ಕೂಡ ಕೊಡುತ್ತಾರೆ. ಆದರೆ ಲ್ಯಾಬ್ ಅನುಭವ ಇಲ್ಲದೆ ಯಾರೂ ಒಳಗೆ ಬಿಡುವುದಿಲ್ಲ. ಇಲ್ಲೊಂದು ಸೂಕ್ಷ್ಮ ಇದೆ, ಇದನ್ನು ಯಾರೂ ಮುಂಚೆ ಹೇಳುವುದಿಲ್ಲ. ಬೇಸಿಗೆಯಲ್ಲಿ ದೊಡ್ಡ ವಿಶ್ವವಿದ್ಯಾಲಯಗಳಲ್ಲಿ ಸಂಶೋಧನೆ ಮಾಡಲು ಅಲ್ಲಿಯ ನ್ಯಾಷನಲ್ ಸೈನ್ಸ್ ಫೌಂಡೇಶನ್ ಹಣ ಕೊಡುವ ಆರ್‌ಇಯು ಎಂಬ ಕಾರ್ಯಕ್ರಮ ಇದೆ. ಆ ಹಣ ಅಮೆರಿಕದ ನಾಗರಿಕರಿಗೆ, ಕಾಯಂ ನಿವಾಸಿಗಳಿಗೆ ಮಾತ್ರ. ಹಾಗಾಗಿ ನಿಮ್ಮ ಮಗಳಿಗೆ ಸಿಗುವುದು ಕಾಲೇಜೇ ಹಣ ಹಾಕುವ ಬೇಸಿಗೆ ಸಂಶೋಧನೆ. ಅದು ಆ ಕಾಲೇಜಿನಲ್ಲಿ ಎಷ್ಟು ಜನಕ್ಕೆ ಸಿಗುತ್ತದೆ, ವಿದೇಶಿ ವಿದ್ಯಾರ್ಥಿಗಳಿಗೆ ಸಿಗುತ್ತದೆಯೇ ಎಂದು ಈಗಲೇ ಕೇಳಿ. ಇದಕ್ಕೆ ಬರುವ ಉತ್ತರಕ್ಕೆ ಕಾಲೇಜಿನ ರ‍್ಯಾಂಕ್‌ಗಿಂತ ಹೆಚ್ಚು ಬೆಲೆ ಕೊಡಿ.

ಎರಡನೆಯದು ಅಲ್ಲೇ ಕೆಲಸ. ಎಫ್-1 ಎಂಬ ವಿದ್ಯಾರ್ಥಿ ವೀಸಾದಲ್ಲಿ ಓದಿದವರು ಡಿಗ್ರಿ ಆದ ಮೇಲೆ ಒಪಿಟಿ ಎಂಬ ಅನುಮತಿಯ ಮೇಲೆ 12 ತಿಂಗಳು ಕೆಲಸ ಮಾಡಬಹುದು. ಓದಿದ ವಿಷಯ ಸರ್ಕಾರದ ಸ್ಟೆಮ್ (ವಿಜ್ಞಾನ, ತಂತ್ರಜ್ಞಾನ, ಎಂಜಿನಿಯರಿಂಗ್, ಗಣಿತ) ಪಟ್ಟಿಯಲ್ಲಿದ್ದರೆ ಇನ್ನೂ 24 ತಿಂಗಳು ಸಿಗುತ್ತದೆ. ಇಲ್ಲೂ ಬಿಎ, ಬಿಎಸ್ಸಿ ಎಂಬ ಭೇದ ಇಲ್ಲ. ವೀಸಾಕ್ಕಾಗಿ ಕಾಲೇಜು ಕೊಡುವ ಐ-20 ಪತ್ರದಲ್ಲಿ ವಿಷಯಕ್ಕೆ ಒಂದು ಕೋಡ್ ಇರುತ್ತದೆ, ಅದನ್ನೇ ನೋಡುವುದು. ಜೀವಶಾಸ್ತ್ರ, ಗಣಿತ, ಕಂಪ್ಯೂಟರ್ ಸೈನ್ಸ್ ಆ ಪಟ್ಟಿಯಲ್ಲಿವೆ. ಮೊದಲ 12 ತಿಂಗಳಲ್ಲಿ ಒಟ್ಟು 90 ದಿನಕ್ಕಿಂತ ಜಾಸ್ತಿ ಕೆಲಸವಿಲ್ಲದೆ ಇರುವಂತಿಲ್ಲ. ಆಮೇಲೆ ಉಳಿಯಲು ಎಚ್-1ಬಿ ಎಂಬ ಕೆಲಸದ ವೀಸಾ ಬೇಕು. ಅದು ವರ್ಷಕ್ಕೆ 85,000, ಅದರಲ್ಲಿ 20,000 ಅಮೆರಿಕದಲ್ಲಿ ಮಾಸ್ಟರ್ಸ್ ಅಥವಾ ಅದಕ್ಕೂ ಮೇಲೆ ಓದಿದವರಿಗೆ ಮೀಸಲು. ಬರೀ ಬ್ಯಾಚುಲರ್ ಡಿಗ್ರಿ ಇದ್ದವರಿಗೆ ಉಳಿಯುವುದು 65,000. ಅರ್ಜಿ ಅದಕ್ಕಿಂತ ಎಷ್ಟೋ ಜಾಸ್ತಿ ಬರುತ್ತವೆ. 2025ರ ಸೆಪ್ಟೆಂಬರ್‌ನಲ್ಲಿ ಕೆಲವು ಹೊಸ ಅರ್ಜಿಗಳಿಗೆ 1 ಲಕ್ಷ ಡಾಲರ್ ಶುಲ್ಕ ಹಾಕಿದ್ದು ನಿಮಗೆ ನೆನಪಿರಬಹುದು. ಒಪಿಟಿಯನ್ನು ಬಿಗಿ ಮಾಡುವ ಮಾತೂ ಅಲ್ಲಿ ನಡೆಯುತ್ತಲೇ ಇದೆ. ಅವಳು ಡಿಗ್ರಿ ಮುಗಿಸುವ ಹೊತ್ತಿಗೆ ನಿಯಮ ಹೇಗಿರುತ್ತದೆ ಎಂದು ಇವತ್ತು ಯಾರಾದರೂ ಖಚಿತವಾಗಿ ಹೇಳಿದರೆ, ಅವರು ಏಜೆಂಟರೇ ಇರಲಿ ನೆಂಟರೇ ಇರಲಿ, ನಂಬಬೇಡಿ.

ಮೂರನೆಯದು ವಾಪಸ್ ಬರುವುದು. ಇಲ್ಲಿ ಡಿಗ್ರಿಗೆ ಬೆಲೆ ಇದೆಯೇ ಎಂದರೆ, ಇದೆ, ಆದರೆ ಕಾಗದ ಸರಿ ಮಾಡಿಕೊಳ್ಳಬೇಕು. ಖಾಸಗಿ ಕಂಪನಿಗಳಿಗೆ ಸಾಮಾನ್ಯವಾಗಿ ಏನೂ ಬೇಕಾಗುವುದಿಲ್ಲ. ಸರ್ಕಾರಿ ಕೆಲಸಕ್ಕೆ, ಇಲ್ಲಿಯ ವಿಶ್ವವಿದ್ಯಾಲಯದಲ್ಲಿ ಮುಂದೆ ಓದಲಿಕ್ಕೆ, ಈ ಡಿಗ್ರಿ ನಮ್ಮ ಡಿಗ್ರಿಗೆ ಸಮ ಎಂಬ ಪ್ರಮಾಣಪತ್ರ ಕೇಳುತ್ತಾರೆ. ಮೊದಲು ಅದನ್ನು ಭಾರತೀಯ ವಿಶ್ವವಿದ್ಯಾಲಯಗಳ ಸಂಘ ಕೊಡುತ್ತಿತ್ತು, 2025ರಲ್ಲಿ ಯುಜಿಸಿ ಇದಕ್ಕೆ ಹೊಸ ನಿಯಮ ತಂದಿದೆ. ಕಾಲೇಜಿಗೆ ಅಲ್ಲಿ ಸರಿಯಾದ ಮಾನ್ಯತೆ ಇರಬೇಕು, ಅಲ್ಲೇ ಇದ್ದು ಓದಿರಬೇಕು. ನೀವು ಹೇಳಿದ ಕಾಲೇಜಿಗೆ ಆ ತೊಂದರೆ ಇಲ್ಲ. ಕಷ್ಟ ಇರುವುದು ಬೇರೆ ಕಡೆ. ಬೆಂಗಳೂರಿನ ಕಂಪನಿಗಳು ಹೊಸಬರನ್ನು ತೆಗೆದುಕೊಳ್ಳುವುದು ಹೆಚ್ಚಾಗಿ ಎಂಜಿನಿಯರಿಂಗ್ ಕಾಲೇಜುಗಳ ಕ್ಯಾಂಪಸ್ ಪ್ಲೇಸ್‌ಮೆಂಟ್‌ನಿಂದ. ಆ ಸಾಲಿನಲ್ಲಿ ಇವಳು ಇರುವುದಿಲ್ಲ. ತಾನೇ ಹುಡುಕಿಕೊಳ್ಳಬೇಕು. ಎರಡು ಬೇಸಿಗೆಯಾದರೂ ಸಂಶೋಧನೆಯನ್ನೋ ಇಂಟರ್ನ್‌ಶಿಪ್ಪನ್ನೋ ಮಾಡಿದ್ದರೆ ಹುಡುಕುವುದು ಸುಲಭ, ಇಲ್ಲದಿದ್ದರೆ ಬಹಳ ಕಷ್ಟ.

ಈಗ ಹಣ. ಪೆನ್ನು ಕಾಗದ ತೆಗೆದುಕೊಳ್ಳಿ.

ವರ್ಷಕ್ಕೆ 14 ಲಕ್ಷ, ನಾಲ್ಕು ವರ್ಷಕ್ಕೆ 56 ಲಕ್ಷ ಎಂದು ನೀವು ಲೆಕ್ಕ ಹಾಕಿರಬೇಕು. ಅದು 56ಕ್ಕೆ ನಿಲ್ಲುವುದಿಲ್ಲ. ಫೀಸ್ ವರ್ಷ ವರ್ಷ ಏರುತ್ತದೆ, ಡಾಲರ್ ಎದುರು ರೂಪಾಯಿ ಇಳಿಯುತ್ತದೆ. ಎರಡೂ ಸೇರಿ ವರ್ಷಕ್ಕೆ ಶೇಕಡಾ 8 ಎಂದಿಟ್ಟುಕೊಂಡರೆ ಒಟ್ಟು 63 ಲಕ್ಷ ಆಗುತ್ತದೆ. ವಿಮಾನದ ಟಿಕೆಟ್, ಚಳಿಯ ಬಟ್ಟೆ, ಲ್ಯಾಪ್‌ಟಾಪ್, ನೆರವಿನಲ್ಲಿ ಸೇರಿಲ್ಲದಿದ್ದರೆ ಆರೋಗ್ಯ ವಿಮೆ, ಬೇಸಿಗೆಯಲ್ಲಿ ಉಳಿದರೆ ರೂಮು, ಊಟ ಬೇರೆ. 70 ಲಕ್ಷಕ್ಕೆ ಸಿದ್ಧರಾಗಿರಬೇಕು.

ಸಾಲದ ಲೆಕ್ಕ ಇನ್ನೂ ಗಟ್ಟಿಯಾಗಿ ನೋಡಬೇಕು. ಮೇಲೆ ಹೇಳಿದ ಏರಿಕೆಯನ್ನು ಬಿಟ್ಟರೂ, ವರ್ಷಕ್ಕೆ 10 ಲಕ್ಷದಂತೆ ನಾಲ್ಕು ವರ್ಷ, ಶೇಕಡಾ 10.5 ಬಡ್ಡಿ ಎಂದುಕೊಳ್ಳಿ. ಓದುವಾಗ ಕಂತು ಕಟ್ಟದಿದ್ದರೆ, ಸರಳ ಬಡ್ಡಿ ಹಿಡಿದರೂ, ಡಿಗ್ರಿ ಮುಗಿಯುವ ಹೊತ್ತಿಗೆ ಸಾಲ ಸುಮಾರು 50 ಲಕ್ಷ ಆಗಿರುತ್ತದೆ. ಅದನ್ನು ಹತ್ತು ವರ್ಷದಲ್ಲಿ ತೀರಿಸಲು ತಿಂಗಳಿಗೆ 67ರಿಂದ 68 ಸಾವಿರ ಕಟ್ಟಬೇಕು. ಅಮೆರಿಕದಲ್ಲಿ ಕೆಲಸ ಸಿಕ್ಕರೆ ಇದು ದೊಡ್ಡದಲ್ಲ. ಪಿಎಚ್‌ಡಿಗೆ ಹೋದರೆ ಸ್ಟೈಪೆಂಡ್‌ನಲ್ಲಿ ಇದನ್ನು ಕಟ್ಟುವುದು ಕಷ್ಟ. ಬೆಂಗಳೂರಿಗೆ ಬಂದು ಹೊಸದಾಗಿ ಕೆಲಸಕ್ಕೆ ಸೇರಿದರೆ ಸಂಬಳ ಪೂರ್ತಿ ಇದಕ್ಕೇ ಹೋಗಬಹುದು. ಅಂದರೆ ಈ ಸಾಲ ಅವಳನ್ನು ಮೂರು ದಾರಿಗಳಲ್ಲಿ ಒಂದಕ್ಕೇ ಕಟ್ಟಿಹಾಕುತ್ತದೆ, ಅದೂ ವೀಸಾ ನಿಯಮದ ಮೇಲೆ ನಿಂತಿರುವ ದಾರಿಗೆ. ಇಷ್ಟವಾದದ್ದನ್ನು ಓದಲು ಇಷ್ಟು ದೂರ ಹೋದ ಹುಡುಗಿ ಸಾಲದ ಭಯಕ್ಕೆ ಜೀವಶಾಸ್ತ್ರ ಬಿಟ್ಟು ಸಂಬಳ ಜಾಸ್ತಿ ಸಿಗುವುದನ್ನೇ ಹಿಡಿಯುವುದನ್ನು ನಾನು ಕಂಡಿದ್ದೇನೆ. ನನಗೆ ಬೇಸರ ತರುವ ವಿಷಯ ಇದು.

ತೋಟ ಅಡವಿಡುವುದರ ಬಗ್ಗೆ ಬ್ಯಾಂಕಿನಲ್ಲಿ ಈಗಲೇ ವಿಚಾರಿಸಿ. ಕೃಷಿ ಜಮೀನನ್ನು ಶಿಕ್ಷಣ ಸಾಲಕ್ಕೆ ಅಡಮಾನವಾಗಿ ಬಹುತೇಕ ಬ್ಯಾಂಕುಗಳು ಒಪ್ಪುವುದಿಲ್ಲ, ಯಾಕೆಂದರೆ ಸಾಲ ವಸೂಲಿಯ ಸರ್ಫೇಸಿ ಕಾಯಿದೆ ಕೃಷಿ ಜಮೀನಿಗೆ ಅನ್ವಯಿಸುವುದಿಲ್ಲ. ಮನೆ, ಸೈಟು, ಠೇವಣಿ ಕೇಳುತ್ತಾರೆ. ಬ್ಯಾಂಕು ಒಪ್ಪಲಿಲ್ಲ ಎಂದು ತೋಟವನ್ನು ಊರಿನ ಲೇವಾದೇವಿಯವರಿಗೆ ಅಡವಿಡಬೇಡಿ. ಕೈಮುಗಿದು ಹೇಳುತ್ತೇನೆ, ಅದು ಬೇಡ. ಬ್ಯಾಂಕಿನ ಶಿಕ್ಷಣ ಸಾಲಕ್ಕಾದರೆ ಹಳೆಯ ತೆರಿಗೆ ಪದ್ಧತಿಯಲ್ಲಿ ಇರುವವರಿಗೆ ಎಂಟು ವರ್ಷದವರೆಗೆ ಕಟ್ಟಿದ ಬಡ್ಡಿಯ ಮೇಲೆ ಆದಾಯ ತೆರಿಗೆ ವಿನಾಯಿತಿ ಇದೆ. ಆ ಸಾಲದಿಂದ ವಿದೇಶಕ್ಕೆ ಕಳಿಸುವ ಹಣಕ್ಕೆ 2025ರ ಏಪ್ರಿಲ್‌ನಿಂದ ಟಿಸಿಎಸ್, ಅಂದರೆ ಹಣ ಕಳಿಸುವಾಗಲೇ ಬ್ಯಾಂಕು ಹಿಡಿಯುವ ತೆರಿಗೆ, ಕೂಡ ಹಿಡಿಯುವುದಿಲ್ಲ.

ಕಾಲೇಜಿಗೆ ಈ ವಾರವೇ ಮಗಳ ಕೈಯಲ್ಲಿ ಒಂದು ಇಮೇಲ್ ಬರೆಸಿ. ನೆರವು ನಾಲ್ಕು ವರ್ಷವೂ ಸಿಗುತ್ತದೆಯೇ? ಫೀಸ್ ಏರಿದಾಗ ನೆರವೂ ಏರುತ್ತದೆಯೇ, ಅಥವಾ ಅಷ್ಟೇ ಡಾಲರ್‌ಗೆ ನಿಲ್ಲುತ್ತದೆಯೇ? ಎಷ್ಟು ಅಂಕ ಕಡಿಮೆಯಾದರೆ ನಿಂತುಹೋಗುತ್ತದೆ? ಕ್ಯಾಂಪಸ್ ಕೆಲಸದಿಂದ ಗಳಿಸಬೇಕಾದ ಹಣವನ್ನು ನೆರವಿನಲ್ಲೇ ಸೇರಿಸಿದ್ದಾರೆಯೇ? ಇದು ಮುಖ್ಯ, ಯಾಕೆಂದರೆ ಆ ಹಣ ಮುಂಚೆ ಕೈಗೆ ಬರುವುದಿಲ್ಲ, ಗ್ರಂಥಾಲಯದಲ್ಲೋ ಊಟದ ಹಾಲ್‌ನಲ್ಲೋ ಕೆಲಸ ಮಾಡಿದ ಮೇಲೆ ಬರುತ್ತದೆ. ತರಗತಿ ನಡೆಯುವಾಗ ವಾರಕ್ಕೆ 20 ಗಂಟೆಗಿಂತ ಹೆಚ್ಚು ಕೆಲಸ ಮಾಡುವಂತೆಯೂ ಇಲ್ಲ. ಜೊತೆಗೆ ನಿಮ್ಮ ಸಂಬಳದ ಚೀಟಿ, ತೋಟದ ಆದಾಯದ ವಿವರ ಇಟ್ಟು, ವರ್ಷಕ್ಕೆ ನಮ್ಮಿಂದ ಇಷ್ಟೇ ಆಗುತ್ತದೆ, ನೆರವನ್ನು ಇನ್ನೊಮ್ಮೆ ಪರಿಶೀಲಿಸಿ ಎಂದು ಕೇಳಿ. ಕೇಳಿದರೆ ಸೀಟು ಹೋಗುತ್ತದೆ ಎಂದು ನಮ್ಮವರು ಹೆದರುತ್ತಾರೆ. ಹೋಗುವುದಿಲ್ಲ. ಪ್ರತಿ ಏಪ್ರಿಲ್‌ನಲ್ಲಿ ಆ ಕಚೇರಿಗಳಿಗೆ ಇಂಥ ಪತ್ರಗಳು ಬರುತ್ತವೆ. ಎಷ್ಟೋ ಸಲ ಇಲ್ಲ ಎನ್ನುತ್ತಾರೆ, ಕೆಲವು ಸಲ ಒಂದಷ್ಟು ಹೆಚ್ಚಿಸುತ್ತಾರೆ. ಒಂದು ಮಾತು ನೆನಪಿರಲಿ. ಮೊದಲ ವರ್ಷ ಹೇಗೋ ತಳ್ಳಿ ಆಮೇಲೆ ಕೇಳೋಣ ಎಂದರೆ ವಿದೇಶಿ ವಿದ್ಯಾರ್ಥಿಗಳಿಗೆ ಹಲವು ಕಾಲೇಜುಗಳು ಕೊಡುವುದಿಲ್ಲ.

ಚಳಿ, ಊಟ, ಒಂಟಿತನದ ಬಗ್ಗೆ ಅಷ್ಟು ಹೆದರಬೇಕಾಗಿಲ್ಲ. ಅಯೋವಾದಲ್ಲಿ ಜನವರಿಯ ಕೆಲವು ರಾತ್ರಿ ಮೈನಸ್ 20 ಡಿಗ್ರಿಗೆ ಇಳಿಯುತ್ತದೆ. ಡಿಸೆಂಬರ್‌ನಲ್ಲಿ ಸಂಜೆ ಐದಕ್ಕೆಲ್ಲ ಕತ್ತಲು. ಕಟ್ಟಡಗಳ ಒಳಗೆ ಬೆಚ್ಚಗಿರುತ್ತದೆ. ಮೈ ತಡೆದುಕೊಳ್ಳುತ್ತದೆ, ಮನಸ್ಸು ಕುಗ್ಗುವುದು ಕತ್ತಲಿಗೆ. ಫೆಬ್ರುವರಿಯಲ್ಲಿ ಅವಳ ದನಿ ಸಪ್ಪೆಯಾಗಿದ್ದರೆ ಕಾಲೇಜಿನ ಕೌನ್ಸೆಲರ್ ಹತ್ತಿರ ಹೋಗು ಎಂದು ಹೇಳಿ. ಅದು ಹುಚ್ಚಿನ ಲಕ್ಷಣವಲ್ಲ, ಅಲ್ಲಿ ಎಲ್ಲರೂ ಹೋಗುತ್ತಾರೆ. ಸಸ್ಯಾಹಾರ ಸಿಗುತ್ತದೆ, ಬೇಸರ ಬರುವಷ್ಟು ಪಾಸ್ತಾ, ಸಲಾಡ್, ಬೀನ್ಸ್ ಸಿಗುತ್ತದೆ. ಹಾಸ್ಟೆಲ್‌ಗಳಲ್ಲಿ ಸಾಮಾನ್ಯವಾಗಿ ಎಲ್ಲರೂ ಬಳಸುವ ಅಡುಗೆಮನೆ ಇರುತ್ತದೆ. ಒಂದು ಸಣ್ಣ ಕುಕ್ಕರ್, ನಿಮ್ಮ ಕೈಯ ಸಾರಿನ ಪುಡಿ ಕೊಟ್ಟು ಕಳಿಸಿ, ಅನ್ನ ಸಾರು ಮಾಡಲು ಈ ಎರಡು ತಿಂಗಳಲ್ಲಿ ಕಲಿಸಿ. ಹತ್ತಿರದ ದೊಡ್ಡ ಕನ್ನಡ ಸಂಘ ಎಂದರೆ ಷಿಕಾಗೋದ ವಿದ್ಯಾರಣ್ಯ ಕನ್ನಡ ಕೂಟ, ಅದು ಕಾರಿನಲ್ಲಿ ನಾಲ್ಕೈದು ಗಂಟೆಯ ದಾರಿ. ಆದ್ದರಿಂದ ಅವಳಿಗೆ ದಿನದ ಆಸರೆ ಆಗುವವರು ಕಾಲೇಜಿನ ಗೆಳೆಯರೇ. ಚಳಿಗಾಲದ ರಜೆಯಲ್ಲಿ ಹಾಸ್ಟೆಲ್ ತೆರೆದಿರುತ್ತದೆಯೇ ಎಂದು ಮಾತ್ರ ಮುಂಚೆ ತಿಳಿದುಕೊಳ್ಳಿ.

ನನ್ನ ಅಭಿಪ್ರಾಯ ಕೇಳಿದ್ದೀರಿ. ಕಾಲೇಜು ನೆರವು ಹೆಚ್ಚಿಸಿ, ನಿಮ್ಮ ಒಟ್ಟು ಸಾಲ 20, 25 ಲಕ್ಷದೊಳಗೆ ನಿಲ್ಲುವುದಾದರೆ ಕಳಿಸಿ. ಅಷ್ಟು ಸಾಲವನ್ನು ಅವಳು ಮೂರು ದಾರಿಯಲ್ಲಿ ಯಾವುದನ್ನು ಹಿಡಿದರೂ ತೀರಿಸಬಹುದು. ಇದಕ್ಕೆ ಈಗಿನ 14 ಲಕ್ಷ ಹತ್ತರ ಹತ್ತಿರಕ್ಕೆ ಇಳಿಯಬೇಕು. ಏನೂ ಇಳಿಯದೆ, ಮನೆಯನ್ನೇ ಅಡವಿಟ್ಟು 40 ಲಕ್ಷ ಸಾಲ ಮಾಡಬೇಕೆಂದರೆ, ನಾನು ನಿಮ್ಮ ಜಾಗದಲ್ಲಿದ್ದರೆ ಕಳಿಸುತ್ತಿರಲಿಲ್ಲ. ಓದು ಒಳ್ಳೆಯದಲ್ಲ ಎಂದಲ್ಲ. ಆ ಓದಿನ ಒಳ್ಳೆಯ ಭಾಗವಾದ ಸಂಶೋಧನೆ, ಪಿಎಚ್‌ಡಿಯನ್ನೇ ಆ ಸಾಲ ಅವಳಿಂದ ಕಿತ್ತುಕೊಳ್ಳುತ್ತದೆ ಎಂಬ ಕಾರಣಕ್ಕೆ.

ಆಗ ಉಳಿಯುವುದು ಎಂಜಿನಿಯರಿಂಗ್ ಒಂದೇ ಅಲ್ಲ. ಬೆಂಗಳೂರಿನ ಐಐಎಸ್‌ಸಿಯಲ್ಲಿ 2011ರಿಂದ ನಾಲ್ಕು ವರ್ಷದ ಬ್ಯಾಚುಲರ್ ಕೋರ್ಸ್ ಇದೆ. ಅದರಲ್ಲಿ ಜೀವಶಾಸ್ತ್ರ ಆರಿಸಿಕೊಳ್ಳುವವರೂ ಗಣಿತ, ಫಿಸಿಕ್ಸ್, ಮಾನವಿಕ ವಿಷಯಗಳನ್ನು ಓದುತ್ತಾರೆ. ಅಲ್ಲಿಗೆ ಪ್ರವೇಶ ಪರೀಕ್ಷೆಯ ಪೈಪೋಟಿ ಬಹಳ. ಅಜೀಂ ಪ್ರೇಮ್‌ಜಿ ವಿಶ್ವವಿದ್ಯಾಲಯದಲ್ಲಿ ನಾಲ್ಕು ವರ್ಷದ ಬಿಎಸ್ಸಿ ಆನರ್ಸ್ ಇದೆ. ಅಲ್ಲಿ ಓದುವ ರೀತಿ ನಿಮ್ಮ ಮಗಳಿಗೆ ಇಷ್ಟವಾದದ್ದಕ್ಕೆ ಹತ್ತಿರ, ಮನೆಯ ಆದಾಯ ನೋಡಿ ಫೀಸ್ ರಿಯಾಯಿತಿಯೂ ಕೊಡುತ್ತಾರೆ. ಈ ವರ್ಷ ಇವುಗಳ ಅರ್ಜಿ ದಿನಾಂಕ ಮುಗಿದಿರಬಹುದು, ವಿಚಾರಿಸಿ. ನಮ್ಮ ರಾಜ್ಯದ ವಿಶ್ವವಿದ್ಯಾಲಯಗಳು 2024ರಿಂದ ಮತ್ತೆ ಮೂರು ವರ್ಷದ ಡಿಗ್ರಿಗೆ ಬಂದಿವೆ. ಮುಂದೆ ಅಮೆರಿಕದಲ್ಲಿ ನೇರ ಪಿಎಚ್‌ಡಿ ಬೇಕೆನ್ನುವವರಿಗೆ ನಾಲ್ಕು ವರ್ಷದ್ದೇ ಅನುಕೂಲ. ಇನ್ನು ಕೆಸಿಇಟಿಯಲ್ಲಿ ಒಳ್ಳೆಯ ರ‍್ಯಾಂಕ್ ಬಂದು ಸರ್ಕಾರಿ ಸೀಟು ಸಿಕ್ಕರೆ ಅದೂ ಕೆಟ್ಟ ದಾರಿಯಲ್ಲ. ಖರ್ಚು ಕಡಿಮೆ, ಪ್ಲೇಸ್‌ಮೆಂಟ್ ಇದೆ. ಜೀವಶಾಸ್ತ್ರ ಮಾತ್ರ ಕೈಬಿಟ್ಟುಹೋಗುತ್ತದೆ, ಅದನ್ನು ಅವಳು ಒಪ್ಪುತ್ತಾಳೆಯೇ ಎಂದು ಅವಳೇ ಹೇಳಬೇಕು.

ಮೇ 1ರ ಹೊತ್ತಿಗೆ ಎಲ್ಲವೂ ತೀರ್ಮಾನ ಆಗಬೇಕಾಗಿಲ್ಲ. ಆ ದಿನ ಕೇಳುವುದು ಸೀಟು ಹಿಡಿದಿಡುವ ಮುಂಗಡ, ಸಾಮಾನ್ಯವಾಗಿ ಕೆಲವು ನೂರು ಡಾಲರ್. ವಾಪಸ್ ಬರುವುದಿಲ್ಲ, ಆದರೆ ಅದು ಹೋದರೂ ನಿಮ್ಮ ಸಂಸಾರ ಮುಳುಗುವುದಿಲ್ಲ. ನೆರವಿನ ಬಗ್ಗೆ ಉತ್ತರ ಬರುವುದು ತಡವಾದರೆ, ಮೇ 1ಕ್ಕೆ ಮುಂಚೆಯೇ ಬರೆದು ಹತ್ತು ದಿನ ಹೆಚ್ಚು ಸಮಯ ಕೇಳಿ, ಹಲವರು ಕೊಡುತ್ತಾರೆ. ಮುಂಗಡ ಕಟ್ಟಿದರೂ ಕೆಸಿಇಟಿಯ ದಾಖಲೆ ಪರಿಶೀಲನೆ, ಆಯ್ಕೆ ನಮೂದಿಸುವುದು ಯಾವುದನ್ನೂ ನಿಲ್ಲಿಸಬೇಡಿ. ಐ-20 ಬಂದ ಕೂಡಲೇ ಚೆನ್ನೈ ಅಥವಾ ಹೈದರಾಬಾದ್‌ನಲ್ಲಿ ವೀಸಾ ಸಂದರ್ಶನಕ್ಕೆ ದಿನ ಹಿಡಿಯಿರಿ. ಅಲ್ಲಿ ಕಾಲೇಜು ಯಾವುದು, ಏನು ಓದುತ್ತೀಯ, ಖರ್ಚು ಯಾರು ಕೊಡುತ್ತಾರೆ ಎಂದು ಕೇಳುತ್ತಾರೆ, ಅವಳೇ ಉತ್ತರ ಹೇಳಬೇಕು. ವೀಸಾ ಪಾಸ್‌ಪೋರ್ಟಿನಲ್ಲಿ ಬೀಳುವವರೆಗೆ ಇಲ್ಲಿಯ ಸೀಟನ್ನು ಬಿಡಬೇಡಿ. ಟಿಕೆಟ್ ಕೂಡ ಅದಾದ ಮೇಲೆಯೇ ಮಾಡಿಸಿ.